‘ಮನುಷ್ಯ ತಾನೇ’ ಅನ್ನುವ ನೆಪ ಇಲ್ಲಿ ನಡೆಯಲ್ಲ

ಕಳೆದ ಸಂಚಿಕೆಯಲ್ಲಿ ಕ್ರೈಸ್ತರ ತಪಸ್ಸುಕಾಲದ ಬಗ್ಗೆ ನಾಲ್ಕು ಸಾಲು ಬರೆದು, ಪಾಪ ಅಂದರೆ ಅವರು ಏನನ್ನುತ್ತಾರೆ ಅನ್ನೋದನ್ನು ಇನ್ನೊಮ್ಮೆ ನೋಡೋಣ ಅಂದಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ಪ್ರತಿ ಭಾನುವಾರ ಚರ್ಚಿಗೆ ಹೋಗುವವರದ್ದೂ ಇದೆ, ಒಮ್ಮೆಯೂ ಒಳಗೆ ಕಾಲಿಡದವರದ್ದೂ ಇದೆ, ಚೆನ್ನಾಗಿ ಬೈದದ್ದೂ ಇದೆ. ನಾನು ಫಾದರೂ ಅಲ್ಲ, ಪಾಸ್ಟರೂ ಅಲ್ಲ. ಈ ವಿಷಯ ಓದಿಕೊಂಡು, ಓದಿದವರ ಜೊತೆ ಜಗಳ ಆಡಿಕೊಂಡು ಬಂದವನು ಅಷ್ಟೇ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಕೊಟ್ಟಿದ್ದೇನೆ, ಅದೂ ಬೇಡ ಅಂದವರದ್ದು ಬಿಟ್ಟಿದ್ದೇನೆ.

ಪ್ರ: ಮನುಷ್ಯ ಅಂದಮೇಲೆ ತಪ್ಪು ಮಾಡೋದು ಸಹಜ. ಯೇಸು ಒಂದೇ ಒಂದು ಪಾಪವನ್ನೂ ಮಾಡಲಿಲ್ಲ ಅಂತಾರೆ. ಆಮೇಲೆ ಅವನು ಪೂರ್ತಿ ಮನುಷ್ಯ ಅಂತಲೂ ಅಂತಾರೆ. ತಪ್ಪೇ ಮಾಡದವನು ನಮ್ಮಂಥವನು ಹೇಗಾದ? (ಶಿವಮೊಗ್ಗ)

ಉ: ನಿಮ್ಮ ಮೊದಲ ವಾಕ್ಯದಲ್ಲೇ ಗಂಟು ಇದೆ. ನಾವು ‘ಮನುಷ್ಯ ತಾನೇ’ ಅಂತ ಯಾವಾಗ ಹೇಳುತ್ತೇವೆ ನೋಡಿ. ಲಂಚ ತಗೊಂಡು ಸಿಕ್ಕಿಬಿದ್ದಾಗ, ಕೊಟ್ಟ ಮಾತಿಗೆ ತಪ್ಪಿದಾಗ, ಕುಡಿದು ಬಂದು ಮನೆಯಲ್ಲಿ ರಂಪ ಮಾಡಿದಾಗ. ಅದೇ ಯಾರೋ ಒಬ್ಬ ಪ್ರವಾಹಕ್ಕೆ ಇಳಿದು ಗುರುತು ಪರಿಚಯ ಇಲ್ಲದವರ ಮಗುವನ್ನು ಎತ್ತಿಕೊಂಡು ಬಂದರೆ ‘ಮನುಷ್ಯ ತಾನೇ’ ಅನ್ನಲ್ಲ, ‘ದೇವರು ಬಂದಂಗೆ ಬಂದ’ ಅಂತೇವೆ. ಕೆಟ್ಟದ್ದೆಲ್ಲ ಮನುಷ್ಯನ ಖಾತೆಗೆ, ಒಳ್ಳೆಯದೆಲ್ಲ ದೇವರ ಖಾತೆಗೆ. ಕ್ರೈಸ್ತ ಚಿಂತನೆ ಈ ಲೆಕ್ಕವನ್ನು ಒಪ್ಪಲ್ಲ. ನನಗೆ ಅದರಲ್ಲಿ ಹಿಡಿಸುವುದೂ ಇದೇ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡ. ಅದರ ಮೊದಲ ಅಧ್ಯಾಯದಲ್ಲಿ ದೇವರು ಗಂಡು ಹೆಣ್ಣು ಇಬ್ಬರನ್ನೂ ತನ್ನ ಹೋಲಿಕೆಯಲ್ಲಿ ಮಾಡಿ, ಮಾಡಿದ್ದೆಲ್ಲವನ್ನೂ ನೋಡಿ ಬಹಳ ಚೆನ್ನಾಗಿದೆ ಅನ್ನುತ್ತಾನೆ. ಹಾವಿನ ಮಾತು ಕೇಳಿ ಮೊದಲ ಮನುಷ್ಯರಾದ ಆದಾಮ ಹವ್ವ ದೇವರು ಬೇಡ ಅಂದ ಹಣ್ಣು ತಿಂದದ್ದು, ಅವರ ಮಗ ಕಾಯಿನ ಅನ್ನುವವನು ತಮ್ಮನನ್ನೇ ಹೊಲಕ್ಕೆ ಕರೆದುಕೊಂಡು ಹೋಗಿ ಕೊಂದದ್ದು, ಇದೆಲ್ಲ ಆಮೇಲಿನ ಕಥೆ. ಅಂದರೆ ಪಾಪ ಮನುಷ್ಯನ ತಯಾರಿಕೆಯಲ್ಲೇ ಬಂದದ್ದಲ್ಲ, ಆಮೇಲೆ ಅಂಟಿಕೊಂಡದ್ದು. ಹಾಗಿದ್ದ ಮೇಲೆ ಪಾಪ ಇಲ್ಲದವನು ಮನುಷ್ಯತನದಲ್ಲಿ ನಮಗಿಂತ ಕಡಿಮೆಯಲ್ಲ, ಜಾಸ್ತಿ. ನಾವು ಅರ್ಧಂಬರ್ಧ.

ಯೇಸುವಿನಲ್ಲಿ ನಮ್ಮಂಥದ್ದು ಏನಿತ್ತು ಅಂತ ಕೇಳಿದರೆ ಅವನ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳಾದ ಸುವಾರ್ತೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಹಸಿವಾಗುತ್ತಿತ್ತು. ಬಿರುಗಾಳಿ ಎದ್ದಾಗಲೂ ದೋಣಿಯಲ್ಲಿ ತಲೆದಿಂಬು ಇಟ್ಟುಕೊಂಡು ಮಲಗಿಬಿಡುವಷ್ಟು ದಣಿವಾಗುತ್ತಿತ್ತು. ಗೆಳೆಯ ಲಾಜರ ಸತ್ತಾಗ ಅತ್ತ. ಶಿಷ್ಯನೇ ಅವನನ್ನು ಹಿಡಿದುಕೊಟ್ಟ ರಾತ್ರಿ ಗೆತ್ಸೆಮನೆ ತೋಟದಲ್ಲಿ ಹೆದರಿ, ಈ ಸಂಕಟದ ಬಟ್ಟಲು ನನ್ನಿಂದ ತಪ್ಪಲಿ ಅಂತ ಬೇಡಿಕೊಂಡ. ಹೆದರಿಕೆ ಪಾಪ ಅಲ್ಲ, ಆಸೆ ಎದ್ದು ಬರೋದೂ ಪಾಪ ಅಲ್ಲ. ಬೈಬಲಿನಲ್ಲಿರುವ ‘ಇಬ್ರಿಯರಿಗೆ ಬರೆದ ಪತ್ರಿಕೆ’ ಅವನು ಎಲ್ಲ ರೀತಿಯಲ್ಲೂ ನಮ್ಮ ಹಾಗೆಯೇ ಪರೀಕ್ಷೆಗೆ ಒಳಗಾದ, ಪಾಪ ಮಾತ್ರ ಮಾಡಲಿಲ್ಲ ಅನ್ನುತ್ತದೆ.

ಇಷ್ಟು ಹೇಳೋದಕ್ಕೆ ಶತಮಾನಗಟ್ಟಲೆ ಜಗಳ ಆಗಿದೆ. ನಾಲ್ಕನೇ ಶತಮಾನದಲ್ಲಿ ಅಪೊಲಿನಾರಿಸ್ ಅನ್ನುವ ಬಿಷಪ್ ಯೇಸುವಿಗೆ ಮನುಷ್ಯರ ದೇಹ ಇತ್ತು, ಮನುಷ್ಯರ ಬುದ್ಧಿ ಇರಲಿಲ್ಲ, ಆ ಜಾಗದಲ್ಲಿ ದೇವರೇ ಇದ್ದ ಅಂದ. ಅದಕ್ಕೆ ಅದೇ ಕಾಲದ ಇನ್ನೊಬ್ಬ ಬಿಷಪ್, ನಜಿಯಾಂಜಸ್‌ನ ಗ್ರೆಗರಿ ಕೊಟ್ಟ ಉತ್ತರದ ಸಾರ ಇದು: ಅವನು ಯಾವುದನ್ನು ತನ್ನದಾಗಿ ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗಿಲ್ಲ. ನಮ್ಮ ಬುದ್ಧಿಯೇ ಅಲ್ವಾ ಕೆಟ್ಟಿರೋದು, ಅದನ್ನು ಬಿಟ್ಟು ಬರೀ ಮೈ ತಗೊಂಡರೆ ಏನು ಬಂತು? 451ರಲ್ಲಿ ಕಾಲ್ಸಿಡನ್‌ನಲ್ಲಿ, ಅಂದರೆ ಇವತ್ತಿನ ಇಸ್ತಾಂಬುಲ್‌ನ ಕಾದಿಕೊಯ್‌ನಲ್ಲಿ, ನೂರಾರು ಬಿಷಪ್‌ಗಳು ಸೇರಿ ಅವನು ಪೂರ್ತಿ ದೇವರು, ಪೂರ್ತಿ ಮನುಷ್ಯ ಅಂತ ಬರೆದಿಟ್ಟರು. ಅಷ್ಟಾದರೂ ಮುಗಿಯಲಿಲ್ಲ. ಏಳನೇ ಶತಮಾನದಲ್ಲಿ ಅವನಿಗೆ ಮನುಷ್ಯರ ಹಾಗೆ ಸ್ವಂತ ಇಚ್ಛೆ ಇತ್ತಾ ಅನ್ನೋ ಪ್ರಶ್ನೆ ಎದ್ದಿತು. ಇತ್ತು ಅಂತ ಹಟ ಹಿಡಿದ ಮ್ಯಾಕ್ಸಿಮಸ್ ಅನ್ನುವ ಸನ್ಯಾಸಿಯ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಗಡೀಪಾರು ಮಾಡಿದರು. 662ರಲ್ಲಿ ಅಲ್ಲೇ ಸತ್ತ. 680–81ರಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆ ಅವನು ಹೇಳಿದ್ದೇ ಸರಿ ಅಂದಿತು. ಸುಮ್ನೆ ಕೂದಲು ಸೀಳುವ ಚರ್ಚೆ ಇದು ಅನ್ನುವವರಿಗೆ ನಾನು ಈ ಮನುಷ್ಯನ ಕಥೆ ಹೇಳುತ್ತೇನೆ. ಮನುಷ್ಯನ ಇಚ್ಛೆ ಅನ್ನೋದೇ ಕೊಳೆತ ವಸ್ತು, ದೇವರಾದವನು ಅದನ್ನು ಮುಟ್ಟಬಾರದು ಅಂತ ಒಪ್ಪಿಕೊಂಡುಬಿಟ್ಟರೆ ನಮಗೆ ಏನೂ ಉಳಿಯಲ್ಲ ಅನ್ನೋದು ಅವನಿಗೆ ಗೊತ್ತಿತ್ತು.

ಪ್ರ: ಕಣ್ಣೇ ಬಿಡದ ಹಸುಗೂಸನ್ನು ಪಾಪಿ ಅನ್ನುವ ಧರ್ಮ ಎಂಥದ್ದು ಸ್ವಾಮಿ? ಯಾರೋ ಆದಾಮ ಮಾಡಿದ್ದಕ್ಕೆ ನನ್ನ ಮೊಮ್ಮಗಳು ಯಾಕೆ ದಂಡ ಕಟ್ಟಬೇಕು? (ಹಾಸನ)

ಉ: ನಿಮ್ಮ ಸಿಟ್ಟು ಹಳೆಯದು, ಅದಕ್ಕೆ ಒಳ್ಳೆಯ ಕುಲಗೋತ್ರವೂ ಇದೆ. ಐದನೇ ಶತಮಾನದ ಆರಂಭದಲ್ಲಿ ಬ್ರಿಟನ್ ಕಡೆಯಿಂದ ಬಂದ ಪೆಲೇಜಿಯಸ್ ಅನ್ನುವವನು ಇದನ್ನೇ ಕೇಳಿದ. ದೇವರು ಒಳ್ಳೆಯವರಾಗಿ ಅಂತ ಆಜ್ಞೆ ಕೊಟ್ಟಿದ್ದಾನೆ ಅಂದರೆ ನಮ್ಮಿಂದ ಅದು ಆಗುತ್ತದೆ ಅಂತಲೇ ಅರ್ಥ, ಆದಾಮ ಕೆಟ್ಟ ಮಾದರಿ ಹಾಕಿಕೊಟ್ಟ ಅಷ್ಟೇ ಅಂದ. ಎದುರು ನಿಂತವನು ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್. ಆ ಊರು ಇವತ್ತಿನ ಅಲ್ಜೀರಿಯಾದಲ್ಲಿದೆ. 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಪೆಲೇಜಿಯಸ್‌ನ ಮಾತನ್ನು ತಳ್ಳಿಹಾಕಿತು.

ಅಗಸ್ಟೀನ್ ತನ್ನ ಆತ್ಮಕಥೆಯಲ್ಲಿ ಒಂದು ಕೂಸನ್ನು ನೋಡಿದ್ದನ್ನು ಬರೆದಿದ್ದಾನೆ. ಅದಕ್ಕೆ ಇನ್ನೂ ಮಾತು ಬರಲ್ಲ. ಅದರ ಜೊತೆ ಹಾಲು ಕುಡಿಯುವ ಇನ್ನೊಂದು ಮಗು ಎದೆಗೆ ಬಾಯಿ ಹಾಕಿದ ಕೂಡಲೇ ಈ ಕೂಸಿನ ಮುಖ ಬಿಳಿಚಿಕೊಂಡು, ಕಣ್ಣಲ್ಲೇ ಸುಡುವ ಹಾಗೆ ನೋಡಿತಂತೆ. ಮಕ್ಕಳ ಕೈಕಾಲಿಗೆ ಶಕ್ತಿ ಇಲ್ಲ, ಅದಕ್ಕೇ ಅವು ಮುಗ್ಧ, ಮನಸ್ಸಿನಿಂದಲ್ಲ ಅನ್ನುತ್ತಾನೆ. ಎರಡು ಮಕ್ಕಳನ್ನು ಸಾಕಿದ ತಾಯಂದಿರಿಗೆ ಇದು ಹೊಸ ಸುದ್ದಿ ಏನಲ್ಲ!

ಈಗ ನಿಮ್ಮ ಪ್ರಶ್ನೆ. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅಲ್ಲಿ ಹುಟ್ಟಿದ ಮಗು ಆ ನೀರು ಕುಡಿದೇ ಬೆಳೆಯುತ್ತದೆ, ಹಲ್ಲು ಕಂದುತ್ತದೆ, ಮೂಳೆ ಬಾಗುತ್ತದೆ. ಮಗು ಏನು ತಪ್ಪು ಮಾಡಿತು? ಏನೂ ಇಲ್ಲ. ಹಾಗಂತ ಅದಕ್ಕೆ ಏನೂ ಆಗಿಲ್ಲ ಅನ್ನೋಕೆ ಆಗುತ್ತಾ? ಆದಾಮನಿಂದ ಎಲ್ಲರಿಗೂ ಹುಟ್ಟಿನಿಂದಲೇ ಬರುತ್ತದೆ ಅನ್ನುವ ಈ ಜನ್ಮಪಾಪವನ್ನು ಹೀಗೆ ಸ್ಥಿತಿ ಅಂತ ತಗೊಂಡರೆ ಒಪ್ಪುವುದು ಸುಲಭ, ಅಪರಾಧ ಅಂತ ತಗೊಂಡರೆ ಕಷ್ಟ. ಗ್ರೀಕ್, ರಷ್ಯನ್ ಮುಂತಾದ ಆರ್ಥೊಡಾಕ್ಸ್ ಚರ್ಚುಗಳು ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದೌರ್ಬಲ್ಯ, ಅವನ ಅಪರಾಧ ಅವನದ್ದೇ ಅನ್ನುತ್ತವೆ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವೂ ಇದು ನಾವು ಮಾಡಿದ ಪಾಪವಲ್ಲ, ನಮಗೆ ತಗಲಿದ್ದು, ಆದಾಮನ ಸಂತಾನದಲ್ಲಿ ಯಾರಿಗೂ ಇದು ವೈಯಕ್ತಿಕ ತಪ್ಪಾಗಲ್ಲ ಅಂತ ಬಿಡಿಸಿ ಹೇಳಿದೆ.

ಅಗಸ್ಟೀನ್ ಮಾತ್ರ ಇನ್ನೂ ಮುಂದೆ ಹೋದ. ಜ್ಞಾನಸ್ನಾನ, ಅಂದರೆ ಕ್ರೈಸ್ತರಾಗಿ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ, ಆಗದೆ ಸತ್ತ ಶಿಶುಗಳಿಗೂ ಶಿಕ್ಷೆ ಇದೆ, ಎಲ್ಲರಿಗಿಂತ ಹಗುರವಾದ ಶಿಕ್ಷೆ ಅಂದ. ಹಗುರವಾದರೇನು, ಶಿಕ್ಷೆ ಶಿಕ್ಷೆಯೇ. ಆಮೇಲಿನ ಪಂಡಿತರಿಗೆ ಇದು ಗಂಟಲಲ್ಲಿ ಇಳಿಯದೆ, ಅಂಥ ಮಕ್ಕಳಿಗೆ ಲಿಂಬೊ ಅನ್ನುವ ನೋವಿಲ್ಲದ ಜಾಗ ಕಲ್ಪಿಸಿದರು. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ ಆ ಮಕ್ಕಳೂ ದೇವರನ್ನು ಸೇರುತ್ತಾರೆ ಅಂತ ಆಶಿಸಲು ಗಟ್ಟಿ ಕಾರಣಗಳಿವೆ ಅಂದಿತು. ಮಗು ಕಳೆದುಕೊಂಡ ಎಷ್ಟು ಅಮ್ಮಂದಿರು ಅಷ್ಟು ಶತಮಾನ ಈ ಹೆದರಿಕೆಯಲ್ಲೇ ಬದುಕಿದರೋ. ನಮ್ಮ ಸ್ಥಿತಿಯನ್ನು ಅಗಸ್ಟೀನ್ ಸರಿಯಾಗಿ ನೋಡಿದ, ಮಕ್ಕಳ ವಿಷಯದಲ್ಲಿ ತಪ್ಪಿದ ಅನ್ನೋದು ನನ್ನ ಅಭಿಪ್ರಾಯ.

ಅವನಿಗಿಂತ ಇನ್ನೂರು ವರ್ಷ ಮೊದಲು, ಈಗಿನ ಫ್ರಾನ್ಸಿನ ಲಿಯೋನ್ ಊರಿನ ಬಿಷಪ್ ಇರೇನಿಯಸ್ ಇದೇ ಕಥೆಯನ್ನು ಬೇರೆ ಥರ ಓದಿದ್ದ. ಆದಾಮ ಹವ್ವ ಬೆಳೆದು ನಿಂತ ಪರಿಪೂರ್ಣರಲ್ಲ, ಇನ್ನೂ ಮಕ್ಕಳು, ಬೆಳೆಯಬೇಕಾದವರು, ಆತುರಪಟ್ಟು ಮೋಸಹೋದರು ಅಂತ. ಜೀವ ತುಂಬಿ ಬದುಕುವ ಮನುಷ್ಯನೇ ದೇವರ ಮಹಿಮೆ ಅಂದವನೂ ಇವನೇ. ನಿಮ್ಮ ಮೊಮ್ಮಗಳನ್ನು ಎತ್ತಿಕೊಂಡಾಗ ಅಗಸ್ಟೀನ್‌ನನ್ನು ಬದಿಗಿಟ್ಟು ಇವನನ್ನು ಓದಿ.

ಪ್ರ: ಏದೆನ್ ತೋಟದಲ್ಲಿ ಅವರು ತಿಂದಿದ್ದು ಸೇಬು ತಾನೇ? (ಕೋಲಾರ)

ಉ: ಬೈಬಲಿನಲ್ಲಿ ಹಣ್ಣಿನ ಹೆಸರೇ ಇಲ್ಲ. ಹೆಸರು ಇರೋದು ಅಂಜೂರದ ಎಲೆಗೆ, ಅದೂ ಬಟ್ಟೆಯಾಗಿ. ಸೇಬನ್ನು ನಮ್ಮ ತಲೆಗೆ ತುಂಬಿದವರಲ್ಲಿ ಯುರೋಪಿನ ಚಿತ್ರಕಾರರ ಪಾಲು ದೊಡ್ಡದು. ಆದರೆ ಹಣ್ಣಿಗಿಂತ ಆಮೇಲಿನ ಮಾತುಕತೆ ಓದಿ. ತಿಂದೆಯಾ ಅಂತ ದೇವರು ಕೇಳಿದರೆ ಆದಾಮ ‘ನೀನು ನನ್ನ ಜೊತೆಗೆ ಕೊಟ್ಟ ಹೆಂಗಸೇ ಹಣ್ಣು ಕೊಟ್ಟಳು’ ಅನ್ನುತ್ತಾನೆ. ಒಂದೇ ಉಸಿರಿನಲ್ಲಿ ಹೆಂಡತಿಯನ್ನೂ ದೂರಿದ, ದೇವರನ್ನೂ ದೂರಿದ. ಅವಳು ಹಾವನ್ನು ತೋರಿಸಿದಳು. ಹಾವಿಗೆ ತೋರಿಸಲು ಯಾರೂ ಇರಲಿಲ್ಲ.

ಪ್ರ: ನಮ್ಮ ಕರ್ಮ, ನಿಮ್ಮ ಪಾಪ, ಎರಡೂ ಒಂದೇ ಅಲ್ವಾ? ಮಾಡಿದ್ದುಣ್ಣೋ ಮಾರಾಯ ಅಂದಂಗೆ. (ಧಾರವಾಡ)

ಉ: ಕರ್ಮದ ವಿಚಾರ ದೊಡ್ಡದು, ಅದನ್ನು ಬಲ್ಲವರು ಹೇಳಲಿ. ‘ಕಷ್ಟ ಬಂತು ಅಂದರೆ ಏನೋ ಮಾಡಿರಬೇಕು’ ಅನ್ನೋ ಮಾತಿನ ಬಗ್ಗೆ ಮಾತ್ರ ಹೇಳುತ್ತೇನೆ. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ತೋರಿಸಿ ಶಿಷ್ಯರು ಕೇಳುತ್ತಾರೆ: ಪಾಪ ಮಾಡಿದ್ದು ಇವನಾ, ಇವನ ಅಪ್ಪ ಅಮ್ಮನಾ? ಯೇಸು ಇವನೂ ಅಲ್ಲ, ಅವರೂ ಅಲ್ಲ ಅನ್ನುತ್ತಾನೆ. ಲೂಕನ ಸುವಾರ್ತೆಯಲ್ಲಿ ಇನ್ನೂ ನೇರವಾಗಿದೆ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ, ಅಲ್ಲ ಅಂತ ಹೇಳುತ್ತೇನೆ ಅನ್ನುತ್ತಾನೆ.

ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಕ್ರೈಸ್ತರೇ ಇದನ್ನು ಜಾಸ್ತಿ ಕೇಳಿಸಿಕೊಂಡಿಲ್ಲ. ಕ್ಯಾನ್ಸರ್ ಬಂದವರ ಮನೆಗೆ ಹೋಗಿ, ಒಪ್ಪಿಕೊಳ್ಳದ ಪಾಪ ಏನಾದರೂ ಇದೆಯಾ ಯೋಚನೆ ಮಾಡಿ ಸಿಸ್ಟರ್ ಅಂತ ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಬೈಬಲಿನಲ್ಲಿ, ತಪ್ಪು ಮಾಡದೆಯೂ ಕಷ್ಟಕ್ಕೆ ಸಿಕ್ಕ ಯೋಬ ಅನ್ನುವವನ ಗೆಳೆಯರು ಇದನ್ನೇ ಮಾಡಿ, ಕೊನೆಗೆ ದೇವರಿಂದಲೇ ಬೈಸಿಕೊಂಡರು.

ಪ್ರ: ಪಾಪದಲ್ಲಿ ಇರೋ ಮಜಾ ಪುಣ್ಯದಲ್ಲಿ ಇಲ್ಲವಲ್ಲ, ಯಾಕೆ? (ದಾವಣಗೆರೆ, ಹಾಸ್ಟೆಲ್ ವಿದ್ಯಾರ್ಥಿ)

ಉ: ಅಗಸ್ಟೀನ್‌ಗೂ 16ನೇ ವಯಸ್ಸಿನಲ್ಲಿ ಹಾಗೇ ಅನ್ನಿಸಿತ್ತು. ಗೆಳೆಯರ ಜೊತೆ ರಾತ್ರಿ ಪಕ್ಕದ ತೋಟಕ್ಕೆ ನುಗ್ಗಿ ಪೇರ್ ಹಣ್ಣು ಕದ್ದ. ಹಸಿವಿರಲಿಲ್ಲ, ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣಿತ್ತು. ಒಂದೆರಡು ಕಚ್ಚಿ ಉಳಿದದ್ದನ್ನು ಹಂದಿಗಳಿಗೆ ಎಸೆದರು. ವಯಸ್ಸಾದ ಮೇಲೂ ಇದನ್ನು ಅವನು ಕೆದಕಿ ಕೆದಕಿ ನೋಡುತ್ತಾನೆ: ನನಗೆ ಬೇಕಾಗಿದ್ದು ಏನು? ಹಣ್ಣಲ್ಲ. ಒಬ್ಬನೇ ಇದ್ದಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಅಂದರೆ ಮಜಾ ಇದ್ದದ್ದು ಗೆಳೆಯರಲ್ಲಿ, ಕದಿಯುವುದರಲ್ಲಿ ಅಲ್ಲ. ಕೆಟ್ಟದ್ದಕ್ಕೆ ಸ್ವಂತ ಸರಕೇ ಇಲ್ಲ, ಒಳ್ಳೆಯದನ್ನು ಕಚ್ಚಿಕೊಂಡೇ ಅದು ಬದುಕಬೇಕು ಅನ್ನೋದು ಅವನ ದೊಡ್ಡ ವಾದ. ನಿಮ್ಮ ಹಾಸ್ಟೆಲ್ಲಿನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಮಾಡೋದೆಲ್ಲ ಒಬ್ಬನೇ ಕೂತು ಮಾಡಿ ನೋಡಿ, ಎಷ್ಟು ಮಜಾ ಉಳಿಯುತ್ತದೆ ಅಂತ ಬರೆಯಿರಿ.

ಪ್ರ: ಅಹಂಕಾರವೇ ಮಹಾಪಾಪ, ತಗ್ಗಿ ನಡೆಯಿರಿ ಅಂತ ಚರ್ಚಿನ ಪ್ರಸಂಗದಲ್ಲಿ ಕೇಳಿ ಕೇಳಿ ಸಾಕಾಗಿದೆ. ಮನೆಯಲ್ಲಿ ಗಂಡ, ಅತ್ತೆ, ಮಕ್ಕಳು ಅಂತ ನನಗೆ ಬೇಕಾದ್ದು ಏನು ಅನ್ನೋದೇ ಮರೆತುಹೋಗಿದೆ. ಇನ್ನೂ ಎಷ್ಟು ತಗ್ಗಬೇಕು? (ಬೆಂಗಳೂರು)

ಉ: ಇನ್ನು ತಗ್ಗಬೇಡಿ. 1960ರಲ್ಲಿ ಅಮೆರಿಕದ ವ್ಯಾಲೆರಿ ಸೇವಿಂಗ್ ಅನ್ನುವ ಹೆಂಗಸು ಒಂದು ಲೇಖನದಲ್ಲಿ ನೀವು ಕೇಳಿದ್ದನ್ನೇ ಕೇಳಿದಳು. ಆಗಿನ ದೊಡ್ಡ ದೊಡ್ಡ ದೈವಶಾಸ್ತ್ರಜ್ಞರೆಲ್ಲ ಪಾಪ ಅಂದರೆ ಗರ್ವ, ಅಧಿಕಾರದ ಹಸಿವು, ತಾನೇ ದೇವರಾಗುವ ಆಸೆ ಅಂತ ಬರೆಯುತ್ತಿದ್ದರು. ಅದಕ್ಕೆ ಮದ್ದು ತನ್ನನ್ನು ತಾನು ಬಿಟ್ಟುಕೊಡುವುದು. ಇವರೆಲ್ಲ ಗಂಡಸರು, ತಮ್ಮ ರೋಗವನ್ನು ಎಲ್ಲರ ರೋಗ ಅಂದುಕೊಂಡಿದ್ದಾರೆ ಅಂದಳು ಸೇವಿಂಗ್. ಹೆಂಗಸರ ಎದುರಿಗಿರುವ ಅಪಾಯ ಇದರ ಉಲ್ಟಾ: ಚೂರುಚೂರಾಗಿ ಎಲ್ಲರಿಗೂ ಹಂಚಿಹೋಗುವುದು, ನಾನು ಯಾರು ಅಂತ ಹೇಳೋಕೆ ಇನ್ನೊಬ್ಬರ ಮುಖ ನೋಡುವುದು, ಕೊನೆಗೆ ‘ನಾನು’ ಅನ್ನೋದೇ ಉಳಿಯದಿರುವುದು. ಹಾಗೆ ಕರಗಿಹೋಗುವುದೂ ಪೂರ್ತಿ ಮನುಷ್ಯರಾಗದೆ ಉಳಿಯುವ ಒಂದು ದಾರಿ. ಅಂಥವಳಿಗೆ ಇನ್ನಷ್ಟು ತ್ಯಾಗ ಮಾಡು ಅನ್ನೋದು ಸಕ್ಕರೆ ಕಾಯಿಲೆಯವರಿಗೆ ಬರೆದ ಚೀಟಿಯನ್ನು ರಕ್ತ ಇಲ್ಲದವರ ಕೈಗೆ ಕೊಟ್ಟಂತೆ.

ಲೂಕನ ಹತ್ತನೇ ಅಧ್ಯಾಯ ತೆಗೆದು ನೋಡಿ. ಮಾರ್ಥ ಅಡುಗೆ ಕೆಲಸದಲ್ಲಿ ಒದ್ದಾಡುತ್ತಿದ್ದಾಳೆ, ತಂಗಿ ಮರಿಯ ಗುರುವಿನ ಕಾಲ ಬಳಿ ಗಂಡಸರ ಹಾಗೆ ಕೂತು ಪಾಠ ಕೇಳುತ್ತಿದ್ದಾಳೆ. ಅವಳನ್ನು ಕಳಿಸು ಅಂತ ಮಾರ್ಥ ಕೇಳಿದರೆ ಯೇಸು ಕಳಿಸಲಿಲ್ಲ. ಅದೇ ಅಧ್ಯಾಯದಲ್ಲಿ ನಿನ್ನ ಹಾಗೆಯೇ ನಿನ್ನ ನೆರೆಯವನನ್ನು ಪ್ರೀತಿಸು ಅನ್ನೋ ಮಾತೂ ಇದೆ. ನಿಮ್ಮನ್ನು ನೀವು ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದರೆ ನೆರೆಯವನಿಗೆ ಯಾವ ಅಳತೆಯಲ್ಲಿ ಕೊಡುತ್ತೀರಿ? ಇನ್ನು, ಗಂಡನ ಏಟು ತಾಳಿಕೊಳ್ಳುವುದೇ ಶಿಲುಬೆ ಹೊರುವುದು ಅಂತ ಯಾರಾದರೂ ಹೇಳಿದರೆ, ಯೇಸು ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ನಾನೇ ಕೊಡುತ್ತಿದ್ದೇನೆ ಅಂದಿದ್ದ ಅಂತ ನೆನಪಿಸಿ. ನಿಮ್ಮಿಂದ ಕಿತ್ತುಕೊಂಡದ್ದು ತ್ಯಾಗ ಅಲ್ಲ.

ಪ್ರ: ಮಾಡಿದ ಪಾಪವನ್ನು ಫಾದರ್ ಕಿವಿಯಲ್ಲಿ ಹೇಳಿ ಬಂದರೆ ಎಲ್ಲ ಮಾಫ್ ಆಗುತ್ತಾ? ಹಾಗಾದರೆ ಸೋಮವಾರದಿಂದ ಶನಿವಾರ ಏನು ಬೇಕಾದರೂ ಮಾಡಬಹುದಲ್ಲ. (ಮಂಗಳೂರು)

ಉ: ನಿಮ್ಮೂರಲ್ಲಿ ಇದ್ದುಕೊಂಡೂ ಈ ಪ್ರಶ್ನೆಯಾ! ಈಸ್ಟರ್‌ಗೆ ಮೊದಲಿನ ವಾರ ಯಾವುದಾದರೂ ಇಗರ್ಜಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಸಾಲಿನಲ್ಲಿ ನಿಂತವರು ಯಾರೂ ಯಾರ ಮುಖವನ್ನೂ ನೋಡಲ್ಲ. ಮರದ ಗೂಡಿನ ಪಕ್ಕ ಮಂಡಿಯೂರುತ್ತಾರೆ, ನಡುವೆ ಸಣ್ಣ ತೂತುಗಳ ಜಾಲರಿ. ಆ ಕಡೆ ಫಾದರ್ ಕಿವಿ ಕೊಟ್ಟು, ಹಣೆಗೆ ಕೈ ಹಚ್ಚಿ, ಮುಖ ಬೇರೆ ಕಡೆ ತಿರುಗಿಸಿ ಕೂತಿರುತ್ತಾರೆ. ಕೆಲವರು ಅರ್ಧ ನಿಮಿಷಕ್ಕೇ ಎದ್ದು ಬರುತ್ತಾರೆ, ಇನ್ನು ಕೆಲವರು ಏಳುವುದೇ ಇಲ್ಲ, ಸಾಲಿನವರು ಕಾಲು ಬದಲಾಯಿಸುತ್ತಾ ಕೆಮ್ಮುತ್ತಾರೆ. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕು ಅನ್ನೋ ನಿಯಮ 1215ರಲ್ಲಿ ರೋಮಿನ ಲ್ಯಾಟರನ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆಯದ್ದು. ಆ ಗೂಡು ಬಂದದ್ದು 16ನೇ ಶತಮಾನದಲ್ಲಿ, ಅದನ್ನು ರೂಢಿಗೆ ತಂದವರು ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ. ಕೇಳಿದ್ದನ್ನು ಫಾದರ್ ಹೊರಗೆ ಬಾಯಿಬಿಟ್ಟರೆ ಅವರಿಗೇ ಬಹಿಷ್ಕಾರ.

ಮಾಫಿ ಸಿಗಲು ಹೇಳುವುದಷ್ಟೇ ಸಾಲದು. ಮನಸ್ಸು ನೊಂದಿರಬೇಕು, ಇನ್ನು ಮಾಡಲ್ಲ ಅನ್ನೋ ನಿರ್ಧಾರ ಇರಬೇಕು, ಕೆಡಿಸಿದ್ದನ್ನು ಕೈಲಾದಷ್ಟು ಸರಿಮಾಡಬೇಕು. ಕದ್ದ ದುಡ್ಡು ವಾಪಸ್ ಕೊಡಬೇಕು, ಹಾಳು ಮಾಡಿದ ಹೆಸರನ್ನು ಮತ್ತೆ ಕಟ್ಟಿಕೊಡಬೇಕು. ಮೂರು ಸಲ ನಮೋ ಮರಿಯಾ ಪ್ರಾರ್ಥನೆ ಹೇಳಿ ಪಕ್ಕದ ಮನೆಯ ಬೇಲಿ ಒಳಗೆ ಹಾಕಿಕೊಂಡದ್ದನ್ನು ಹಾಗೇ ಬಿಡೋಕೆ ಬರಲ್ಲ. ಜಕ್ಕಾಯ ಅನ್ನೋ ಸುಂಕದವನು ಯೇಸು ಮನೆಗೆ ಬಂದಾಗ ಅತ್ತು ಕರೆದು ಮಾಡಲಿಲ್ಲ, ಲೆಕ್ಕ ಮಾತಾಡಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್.

ಪ್ರ: ನನ್ನ ಮಗನಿಗೆ ಡೌನ್ ಸಿಂಡ್ರೋಮ್. ಪ್ರಾರ್ಥನೆ ಕೂಟದಲ್ಲಿ ಒಬ್ಬರು ‘ಸ್ವರ್ಗದಲ್ಲಿ ಪೂರ್ತಿ ಮನುಷ್ಯ ಆಗ್ತಾನೆ, ಬೇಜಾರು ಮಾಡ್ಕೋಬೇಡಿ’ ಅಂದರು. ಸಮಾಧಾನಕ್ಕೆ ಹೇಳಿದ್ದು, ಆದರೆ ಮನಸ್ಸಿಗೆ ಚುಚ್ಚಿತು. ಈಗ ಅವನು ಏನು ಹಾಗಾದರೆ? (ಮೈಸೂರು)

ಉ: ಈಗಲೂ ಪೂರ್ತಿ ಮನುಷ್ಯ. ಚುಚ್ಚಿದ್ದು ಸರಿಯಾಗಿಯೇ ಚುಚ್ಚಿದೆ ಅಮ್ಮ.

ತಪ್ಪಿನ ಬೇರು ಆ ಒಬ್ಬರಲ್ಲಿ ಇಲ್ಲ. ದೇವರ ಹೋಲಿಕೆ ಮನುಷ್ಯನಲ್ಲಿ ಎಲ್ಲಿದೆ ಅಂತ ಹುಡುಕಿದ ದೊಡ್ಡವರು, ಅಗಸ್ಟೀನ್, ಆಮೇಲೆ ಥಾಮಸ್ ಅಕ್ವಿನಾಸ್, ಬೊಟ್ಟು ಮಾಡಿದ್ದು ಬುದ್ಧಿಯ ಕಡೆಗೆ. ಹಾಗಂದ ಮೇಲೆ ಬುದ್ಧಿ ಬೇರೆ ಥರ ಇರುವವರು ಏನು ಅನ್ನೋ ಪ್ರಶ್ನೆ ಬಾಗಿಲಲ್ಲೇ ನಿಂತಿರುತ್ತದೆ. ಆದಿಕಾಂಡ ಮಾತ್ರ ಬುದ್ಧಿ ಅಂತ ಎಲ್ಲೂ ಹೇಳಿಲ್ಲ, ಗಂಡು ಹೆಣ್ಣಾಗಿ ತನ್ನ ಹೋಲಿಕೆಯಲ್ಲಿ ಮಾಡಿದ ಅಂತಷ್ಟೇ ಹೇಳಿ ಸುಮ್ಮನಾಗಿದೆ. ಪಂಡಿತರು ತಮ್ಮಲ್ಲಿ ಜಾಸ್ತಿ ಇರುವುದನ್ನೇ ದೇವರ ಗುರುತು ಅಂದುಕೊಂಡರು ಅಂತ ನನಗೆ ಅನುಮಾನ.

ನ್ಯಾನ್ಸಿ ಐಸ್‌ಲೆಂಡ್ ಅಂತ ಒಬ್ಬರಿದ್ದರು, ಅಮೆರಿಕದವರು, ಹುಟ್ಟಿನಿಂದಲೇ ಮೂಳೆಯ ತೊಂದರೆ. ಅವರಿಗೂ ನಿಮ್ಮ ಮಗನ ಬಗ್ಗೆ ಹೇಳಿದಂಥ ಸಮಾಧಾನಗಳನ್ನು ಹೇಳಿ ಬೆಳೆಸಿದ್ದರು. 1994ರಲ್ಲಿ ಅವರು ಬರೆದ ಪುಸ್ತಕ ಸತ್ತು ಎದ್ದ ಯೇಸುವಿನ ಮೈಯನ್ನು ನೋಡಿ ಅನ್ನುತ್ತದೆ. ಕೈಯಲ್ಲಿ ಮೊಳೆಯ ಗಾಯ, ಪಕ್ಕೆಯಲ್ಲಿ ಈಟಿಯ ಗಾಯ ಹಾಗೇ ಇದೆ. ನಂಬದ ಶಿಷ್ಯ ತೋಮನಿಗೆ ಮುಟ್ಟಿ ನೋಡು ಅನ್ನುತ್ತಾನೆ. ಸಾವನ್ನೇ ಗೆದ್ದು ಬಂದ ದೇಹ ಗಾಯ ಅಳಿಸಿಕೊಂಡು ಬರಲಿಲ್ಲ. ಹಾಗಿರುವಾಗ ಪೂರ್ತಿ ಮನುಷ್ಯ ಅಂದರೆ ಊನ ಇಲ್ಲದ ಮೈ ಅಂತ ಯಾರು ಹೇಳಿದರು? ಈ ಮಾತನ್ನು ಆ ಪ್ರಾರ್ಥನೆ ಕೂಟದವರಿಗೇ ಕೇಳಿ. ಜಗಳಕ್ಕಲ್ಲ, ಅವರೂ ಯೋಚಿಸಲಿ ಅಂತ.

ಪ್ರ: ನಮ್ಮ ತಾತನ ಕಾಲದಲ್ಲೇ ಚರ್ಚಿಗೆ ಸೇರಿದವರು ನಾವು. ಪಾಪ, ಪಾಪ ಅಂತ ಕುಡಿತ, ಸಿನಿಮಾ, ಬೀಡಿ ಎಲ್ಲ ಬಿಡಿಸಿದರು. ಜಾತಿ ಮಾತ್ರ ಬಿಡಿಸಲಿಲ್ಲ. ಹೆಣ್ಣು ಕೇಳೋಕೆ ಹೋದರೆ ಈಗಲೂ ‘ನೀವು ಯಾವ ಕಡೆಯವರು’ ಅಂತಾರೆ. ಇದು ಪಾಪದ ಪಟ್ಟಿಯಲ್ಲಿ ಇಲ್ಲವಾ? (ರಾಯಚೂರು)

ಉ: ಇದೆ, ಮೇಲೆಯೇ ಇದೆ. 1982ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್‌ಗಳು ಜಾತಿಗೆ ಕ್ರೈಸ್ತ ಧರ್ಮದಲ್ಲಿ ಜಾಗವೇ ಇಲ್ಲ, ಅದು ಅಮಾನವೀಯ, ಹಾಗಾಗಿ ಕ್ರೈಸ್ತ ಧರ್ಮವನ್ನೇ ಅಲ್ಲಗಳೆದಂತೆ ಅಂತ ಹೇಳಿಕೆ ಕೊಟ್ಟರು. ಕಾಗದ ಚೆನ್ನಾಗಿದೆ. ಆದರೆ ಹೆಣ್ಣು ಕೇಳುವಾಗ ಅದನ್ನು ಯಾರು ತೆಗೆದು ಓದುತ್ತಾರೆ?

ಪಾಪ ಅಂದರೆ ಒಬ್ಬೊಬ್ಬರು ಮಾಡುವ ತಪ್ಪು ಅಂತಷ್ಟೇ ಕಲಿಸಿದ್ದರ ಫಲ ಇದು. ಬೀಡಿ ಸೇದೋದು ಕಣ್ಣಿಗೆ ಕಾಣುತ್ತದೆ. ಇಡೀ ಊರೇ ಸೇರಿ, ಯಾರಿಗೂ ಕೆಟ್ಟವರು ಅನ್ನಿಸದೆ, ಒಂದು ಕೇರಿಯನ್ನು ಹೊರಗಿಡುವುದು ಕಾಣಲ್ಲ. 1968ರಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಬಿಷಪ್‌ಗಳು ವ್ಯವಸ್ಥೆಯೇ ಪಾಪದ್ದಾಗಬಹುದು ಅಂತ ಜೋರಾಗಿ ಹೇಳಿದರು. 1987ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೂಡ ಪಾಪದ ರಚನೆಗಳು ಅನ್ನುವ ಮಾತು ಬಳಸಿದರು.

ಆದರೆ ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 1981ರಲ್ಲಿ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಶುರುವಾಯಿತು ಅಂತ ಹೇಳುತ್ತಾರೆ. ಭಾರತದ ಕ್ರೈಸ್ತರಲ್ಲಿ ಬಹುಪಾಲು ಜನ ದಲಿತರು, ಆದರೆ ಅಲ್ಲಿವರೆಗೆ ಬಂದ ಭಾರತೀಯ ಕ್ರೈಸ್ತ ಚಿಂತನೆಯಲ್ಲಿ ಅವರ ನೋವೇ ಇಲ್ಲ, ಬರೀ ಮೇಲ್ಜಾತಿಯ ವೇದಾಂತ ಇದೆ ಅನ್ನೋದು ನಿರ್ಮಲ್ ತಕರಾರು. ಮೀಸಲಾತಿ ಸಿಕ್ಕರೆ ಹೋರಾಟ ಮುಗಿಯಲ್ಲ, ನಮ್ಮಲ್ಲಿರುವ ದೇವರ ಹೋಲಿಕೆ, ನಮ್ಮ ಪೂರ್ತಿ ಮನುಷ್ಯತನ ನಮ್ಮ ಕೈಗೆ ಬರಬೇಕು ಅಂದರು. ಅದಕ್ಕೂ ಮೊದಲು, ಬೆಂಗಳೂರಿನಲ್ಲೇ ಕ್ರೈಸ್ತ ಅಧ್ಯಯನ ಸಂಸ್ಥೆಯೊಂದರ ನಿರ್ದೇಶಕರಾಗಿದ್ದ ಎಂ. ಎಂ. ಥಾಮಸ್ ಜನ ಮನುಷ್ಯರಾಗಿ ತಲೆ ಎತ್ತುವುದಕ್ಕೂ ರಕ್ಷಣೆಗೂ ಸಂಬಂಧ ಇದೆ ಅಂತ ಬರೆದು, ಆತ್ಮ ಉಳಿಸೋದಷ್ಟೇ ಚರ್ಚಿನ ಕೆಲಸ ಅನ್ನುವವರ ಹತ್ತಿರ ಸಾಕಷ್ಟು ಬೈಸಿಕೊಂಡಿದ್ದರು.

ಜಾತಿ ಮಾಡುವವನ ಬಗ್ಗೆಯೂ ಒಂದು ಮಾತು. ಅವನು ಇನ್ನೊಬ್ಬರ ಮನುಷ್ಯತನ ಕಸಿದುಕೊಂಡೆ ಅಂದು ಬೀಗುತ್ತಾನೆ. ನಾನು ಓದಿಕೊಂಡಿರುವ ಲೆಕ್ಕದಲ್ಲಿ ಕಳೆದುಕೊಂಡವನು ಅವನು. ನಿಮ್ಮ ತಾತ ಬೀಡಿ ಬಿಟ್ಟರು ಅಲ್ವಾ, ಅವರಿಗೆ ಬೀಡಿ ಬಿಡಿಸಿದವರು ಏನು ಬಿಟ್ಟರು ಅಂತ ಮುಂದಿನ ಸಭಾ ಕಮಿಟಿಯಲ್ಲಿ ಎದ್ದು ನಿಂತು ಕೇಳಿ.

ಪ್ರ: ಪ್ರಾರ್ಥನೆಗೆ ಕೂತಾಗಲೇ ಕೆಟ್ಟ ಕೆಟ್ಟ ಯೋಚನೆ ಬರುತ್ತೆ. ದೇವರನ್ನೇ ಬೈಯುವಂಥದ್ದು. ನಿವೇದನೆ ಮಾಡಿ ಬಂದು ಬಾಗಿಲು ದಾಟುವ ಮೊದಲೇ ಏನೋ ಬಿಟ್ಟೆ ಅನ್ನಿಸಿ ಮತ್ತೆ ಹೋಗ್ತೀನಿ. ನಿದ್ದೆ ಇಲ್ಲ. ನನಗೆ ಕ್ಷಮೆ ಇದೆಯಾ? (ಊರು ಬೇಡ ಅಂದಿದ್ದಾರೆ)

ಉ: ಬೇಡದ ಯೋಚನೆ ತಾನಾಗಿ ಬರೋದು ಪಾಪ ಅಲ್ಲ. ಹಳೆಯ ಗುರುಗಳು ಇದನ್ನು ಮೂರು ಹಂತ ಮಾಡಿ ಹೇಳಿದ್ದಾರೆ: ಯೋಚನೆ ಬರುವುದು, ಅದರಲ್ಲಿ ಸುಖಪಡುವುದು, ಒಪ್ಪಿಕೊಳ್ಳುವುದು. ಒಪ್ಪಿಗೆ ಇಲ್ಲದೆ ಪಾಪ ಇಲ್ಲ. ನಿಮ್ಮ ಪತ್ರದಲ್ಲಿ ಒಪ್ಪಿಗೆಯೂ ಇಲ್ಲ, ಸುಖವಂತೂ ಇಲ್ಲವೇ ಇಲ್ಲ.

ಇಗ್ನೇಷಿಯಸ್ ಲೊಯೊಲಾ, ಜೆಸ್ವಿಟ್ ಸಂಘ ಕಟ್ಟಿದವರು, 1522ರ ಹೊತ್ತಿಗೆ ಸ್ಪೇನಿನ ಮನ್ರೇಸಾದಲ್ಲಿ ಇದೇ ಸಂಕಟದಲ್ಲಿದ್ದರು. ಬರೆದುಕೊಂಡು ಹೋಗಿ ನಿವೇದನೆ ಮಾಡಿದರೂ ಏನೋ ಬಿಟ್ಟುಹೋಯಿತು ಅನ್ನೋ ಹಿಂಸೆ. ಸತ್ತೇಬಿಡೋಣ ಅನ್ನುವ ತನಕ ಹೋಗಿದ್ದರು. ಹಳೆಯ ಪಾಪಗಳನ್ನು ಮತ್ತೆ ಮತ್ತೆ ಹೇಳುವುದನ್ನು ನಿಲ್ಲಿಸಿದ ಮೇಲೆ ಹೊರಗೆ ಬಂದರು. ಪ್ರೊಟೆಸ್ಟೆಂಟ್ ಪಂಥಕ್ಕೆ ಕಾರಣರಾದ ಮಾರ್ಟಿನ್ ಲೂಥರ್ ಕೂಡ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ನಿವೇದನೆ ಮಾಡಿ ಗುರುಗಳ ತಾಳ್ಮೆ ಕೆಡಿಸುತ್ತಿದ್ದರು.

ಅವರ ಕಾಲದಲ್ಲಿ ಇಲ್ಲದ ಒಂದು ಸಹಾಯ ನಿಮಗಿದೆ. ಇದು ಬೇಡದ ಯೋಚನೆ ಮತ್ತೆ ಮತ್ತೆ ಕಾಡುವ ಒಸಿಡಿ ಅನ್ನುವ ಕಾಯಿಲೆ ಇರಬಹುದು, ಅದಕ್ಕೆ ಔಷಧಿಯೂ ಇದೆ, ಮಾತಿನ ಚಿಕಿತ್ಸೆಯೂ ಇದೆ. ಮನೋವೈದ್ಯರ ಹತ್ತಿರ ಹೋಗಿ. ಇಡೀ ವಿಷಯವನ್ನು ಒಬ್ಬರೇ ಒಬ್ಬ ಫಾದರ್ ಹತ್ತಿರ ಹೇಳಿ, ಸಾಕು ಅಂದಾಗ ನಿಲ್ಲಿಸಿ, ಬೇರೆಯವರ ಹತ್ತಿರ ಓಡಬೇಡಿ. ಇವತ್ತೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದಿನದ ಯಾವ ಹೊತ್ತಿನಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.